ದಿನನಿತ್ಯದ ಬದುಕಿನಲ್ಲಿ ಉರಿಯೂತವನ್ನು ಸಹಜವಾಗಿ ಕಡಿಮೆ ಮಾಡುವುದು ಹೇಗೆ?

ಎಲ್ಲ ಉರಿಯೂತವೂ ಕೆಟ್ಟದ್ದಲ್ಲ. ಬೆರಳು ಕುಯ್ದುಕೊಂಡಾಗ ಸುತ್ತಲೂ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ ಅಲ್ವಾ, ಅದು ಗಾಯ ಮಾಯುವ ಕೆಲಸ. ಕೆಲವೇ ದಿನದಲ್ಲಿ ತಾನಾಗಿ ಇಳಿಯುತ್ತದೆ. ತೊಂದರೆ ಕೊಡುವುದು ತಿಂಗಳುಗಟ್ಟಲೆ ಸದ್ದಿಲ್ಲದೆ ಉಳಿಯುವ ಉರಿಯೂತ.

ಅದಕ್ಕೆ ದೊಡ್ಡ ಕಾರಣಗಳಲ್ಲೊಂದು ಹೊಟ್ಟೆಯೊಳಗಿನ ಕೊಬ್ಬು. ಅದು ಸುಮ್ನೆ ಕೂತಿರುವುದಿಲ್ಲ, ಇಂಟರ್‌ಲ್ಯೂಕಿನ್-6ನಂಥ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಹಾಗಾಗಿ ನನ್ನ ಪ್ರಕಾರ ಮೊದಲ ಮದ್ದು ನಡಿಗೆ. ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ. ನಿದ್ದೆ 7 ಗಂಟೆಗಿಂತ ಕಡಿಮೆ ಬೇಡ. ಸಿಗರೇಟು ಬಿಡಿ. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಸರಿಮಾಡಿಸಿ. ಅದೂ ಉರಿಯೂತವೇ, ಜನ ಮರೆತೇಬಿಡುತ್ತಾರೆ.

ಊಟದಲ್ಲಿ ತರಕಾರಿ, ಕಾಳು, ಕೊಬ್ಬಿರುವ ಮೀನು ಜಾಸ್ತಿ ಇರಲಿ, ಸಕ್ಕರೆ ಪಾನೀಯ ಕಡಿಮೆಯಾಗಲಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಉರಿಯೂತ ಇಳಿಸುತ್ತದೆ ಅಂತ ಕೇಳಿರುತ್ತೀರಿ. ಆದರೆ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅಡುಗೆಗೆ ಅರಿಶಿನ ಧಾರಾಳವಾಗಿ ಬಳಸಿ. ಆದರೆ ರಕ್ತ ತೆಳುವಾಗಿಸುವ ಔಷಧಿ ತಗೊಳ್ಳುವವರು ಕರ್ಕ್ಯುಮಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ.

ಕೀಲು ಊದಿಕೊಂಡು, ಬೆಳಗ್ಗೆ ಎದ್ದು ಒಂದು ಗಂಟೆಯಾದರೂ ಬಿಗಿತ ಬಿಡದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಡಾಕ್ಟರಿಗೆ ತೋರಿಸಿ.