ಓದುಗರ ಪ್ರಶ್ನೆ: ಮೆಟಲ್ ಡಿಟೆಕ್ಟರ್ ಹಿಡಿದು ಹಳೇಬೀಡಿಗೆ ಹೊರಡುವ ಮುನ್ನ

ಪ್ರಶ್ನೆ: ನಮಗೆ ಒಂಬತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು. ವಿದೇಶದ ವಿಡಿಯೊಗಳನ್ನು ನೋಡಿ ಮೆಟಲ್ ಡಿಟೆಕ್ಟರ್ ಬೇಕೆಂದು ಹಟ ಹಿಡಿದಿದ್ದಾರೆ. ರಜೆಯಲ್ಲಿ ಹಳೇಬೀಡಿನ ಸುತ್ತಮುತ್ತ ಹೊಯ್ಸಳರ ಕಾಲದ ವಸ್ತು ಹುಡುಕಬಹುದೆ? ಎಲ್ಲಿಂದ ಶುರು ಮಾಡಬೇಕು? — ಹಾಸನದ ಓದುಗರು

ಹಳೇಬೀಡಿನಿಂದ ಮಾತ್ರ ಬೇಡ. ರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿ ಇಲ್ಲದೆ ನೆಲ ಅಗೆಯುವುದು 1958ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಬೇರೆ ಕಾಯ್ದೆಯಿದೆ. ಊರಾಚೆ ಒಂಟಿಯಾಗಿ ನಿಂತ ಗುಡಿ, ಹಾಳು ಕೋಟೆ, ದಿಬ್ಬಗಳ ಹತ್ತಿರವೂ ಬೇಡ. ಕಾಯ್ದೆ ಒಂದು ಕಡೆ ಇರಲಿ, ನಮ್ಮ ಕಡೆ ನಿಧಿಗಳ್ಳರು ಶಿವಲಿಂಗ ಕಿತ್ತು, ಗರ್ಭಗುಡಿ ಅಗೆದು ಮಾಡಿದ ಅನಾಹುತ ಜನರಿಗೆ ಮರೆತಿಲ್ಲ. ಹೊಲದಲ್ಲಿ ಯಂತ್ರ ಹಿಡಿದು ಓಡಾಡುವವರನ್ನು ಕಂಡರೆ ಊರವರು ಮೊದಲು ಕೇಳುವುದು ‘ಯಾರು ನೀವು?’ ಎಂದಲ್ಲ, ‘ಇನ್ನೂ ಎಷ್ಟು ಜನ ಇದ್ದೀರಿ?’ ಎಂದು.

ನಿಮ್ಮದೇ ಹಿತ್ತಲು, ಕಣ, ತೋಟದಲ್ಲಿ ಶುರು ಮಾಡಿ. ಅಜ್ಜಿಯ ಕಳೆದುಹೋದ ಮೂಗುತಿ, ಗದ್ದೆಬದಿಯಲ್ಲಿ ಬಿದ್ದ ಕುಡುಗೋಲು, ಮನೆ ಸುತ್ತ ಬಿದ್ದ ಚಿಲ್ಲರೆ ಕಾಸು, ಮಕ್ಕಳಿಗೆ ಹುಡುಕಲು ಇಷ್ಟು ಸಾಕು. ನೆಂಟರ ಜಮೀನಾದರೆ ಅವರ ಒಪ್ಪಿಗೆ ಪಡೆದು, ಅಕ್ಕಪಕ್ಕದವರಿಗೂ ಒಂದು ಮಾತು ಹೇಳಿ ಹಗಲಿನಲ್ಲೇ ಹೋಗಿ.

ಪ್ರಶ್ನೆ: ಕಾಫಿ ತೋಟದಲ್ಲಿ ಯಂತ್ರ ಆನ್ ಮಾಡಿದರೆ ಎಲ್ಲೆಂದರಲ್ಲಿ ಕೂಗುತ್ತದೆ. ಪರೀಕ್ಷೆಗೆಂದು ಹೂತಿಟ್ಟ ಒಂದು ರೂಪಾಯಿ ನಾಣ್ಯಕ್ಕೆ ಮಾತ್ರ ಕೂಗುವುದಿಲ್ಲ! ಯಂತ್ರ ಕೆಟ್ಟಿದೆಯೆ? — ಚಿಕ್ಕಮಗಳೂರಿನ ಬೆಳೆಗಾರರು

ಯಂತ್ರ ಕೆಟ್ಟಿಲ್ಲ. ಈಗಿನ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು. ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ಕಬ್ಬಿಣವನ್ನು ಬಿಟ್ಟುಬಿಡು ಎಂದು ಯಂತ್ರಕ್ಕೆ ಹೇಳಿಟ್ಟಿದ್ದರೆ (ಡಿಸ್ಕ್ರಿಮಿನೇಷನ್ ಎನ್ನುವುದು ಇದನ್ನೇ) ಅದು ಈ ನಾಣ್ಯವನ್ನೂ ಮೊಳೆಯ ಲೆಕ್ಕಕ್ಕೇ ಸೇರಿಸುತ್ತದೆ. ಪರೀಕ್ಷೆಗೆ ಹಳದಿ ಬಣ್ಣದ ಐದು ರೂಪಾಯಿ ನಾಣ್ಯ ತೆಗೆದುಕೊಳ್ಳಿ.

ಎಲ್ಲೆಂದರಲ್ಲಿ ಕೂಗಲು ಕಾರಣ ಹೆಚ್ಚಾಗಿ ಮಣ್ಣೇ. ಮಲೆನಾಡಿನ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು ಎರಡರಲ್ಲೂ ಕಬ್ಬಿಣದ ಆಕ್ಸೈಡ್ ಇರುತ್ತದೆ. ಕಾಯಿಲಿನ (ಯಂತ್ರದ ತುದಿಯಲ್ಲಿ ನೆಲದ ಮೇಲೆ ಆಡಿಸುವ ಬಿಲ್ಲೆ) ಕಾಂತಕ್ಷೇತ್ರಕ್ಕೆ ಅದೂ ಓಗೊಡುತ್ತದೆ. ಮೊದಲು ಲೋಹವಿಲ್ಲದ ಜಾಗ ನೋಡಿ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದನ್ನು ಯಂತ್ರ ಕಡೆಗಣಿಸುವಂತೆ ಹೊಂದಿಸುವುದು) ಮಾಡಿ: ಕಾಯಿಲನ್ನು ನೆಲದಿಂದ ಒಂದಡಿ ಎತ್ತರಕ್ಕೆ ಒಯ್ದು, ಮತ್ತೆ ಮೂರು ಸೆಂಟಿಮೀಟರಿಗೆ ಇಳಿಸಿ, ಹೀಗೆ ಏಳೆಂಟು ಸಲ ಆಡಿಸುತ್ತ ಸದ್ದು ಏರಿಳಿಯದಂತೆ ಹೊಂದಿಸಿ. ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಇದನ್ನು ಮತ್ತೆ ಮಾಡಬೇಕು. ಆಮೇಲೂ ಗಲಾಟೆ ನಿಲ್ಲದಿದ್ದರೆ ಸೆನ್ಸಿಟಿವಿಟಿ (ಯಂತ್ರದ ಸೂಕ್ಷ್ಮತೆ) ಇಳಿಸಿ. ಪೂರ್ತಿ ಏರಿಸಿಟ್ಟರೆ ಆಳಕ್ಕೆ ಹೋಗುತ್ತದೆ ಎಂಬ ನಂಬಿಕೆ ಕೆಂಪು ಮಣ್ಣಿನಲ್ಲಿ ಸುಳ್ಳು, ಮಣ್ಣಿನ ಸದ್ದೇ ನಾಣ್ಯದ ಸದ್ದನ್ನು ನುಂಗಿಹಾಕುತ್ತದೆ. ಹನ್ನೊಂದು ಇಂಚಿನ ಕಾಯಿಲಿಗಿಂತ ಆರೇಳು ಇಂಚಿನದು ಇಲ್ಲಿ ವಾಸಿ. ಗ್ರೌಂಡ್ ಬ್ಯಾಲೆನ್ಸ್ ಹೊಂದಿಸಲು ಬಾರದ ಆಟಿಕೆ ಯಂತ್ರವನ್ನಂತೂ ಮಲೆನಾಡಿಗೆ ಕೊಳ್ಳಲೇಬೇಡಿ.

ಮಣ್ಣಲ್ಲದಿದ್ದರೆ ವಿದ್ಯುತ್ತು. ಸೋಲಾರ್ ಬೇಲಿ ಹಾಕಿದ್ದರೆ ತಾಳಬದ್ಧವಾಗಿ ಟಿಕ್ ಟಿಕ್ ಎನ್ನುತ್ತದೆ. ಬೇಲಿ ಆರಿಸಿ ಇಲ್ಲವೆ ದೂರ ಸರಿಯಿರಿ. ಮೇಲೆ ಹಾದುಹೋದ ಲೈನು, ಪಂಪ್‌ಸೆಟ್, ಜೇಬಿನ ಮೊಬೈಲ್ ಕೂಡ ಕಾಟ ಕೊಡುತ್ತವೆ. ಅಣ್ಣ–ತಂಗಿ ಒಂದೊಂದು ಯಂತ್ರ ಹಿಡಿದಿದ್ದರೆ ನಡುವೆ ಹತ್ತು ಮೀಟರ್ ಅಂತರ ಇರಲಿ.

ಅಭ್ಯಾಸಕ್ಕೆ ಹಿತ್ತಲಲ್ಲಿ ಒಂದು ಸಾಲು ಮಾಡಿಕೊಳ್ಳಿ. ಲೋಹವಿಲ್ಲದ ನೆಲದಲ್ಲಿ ಎರಡೆರಡು ಅಡಿಗೆ ಒಂದರಂತೆ ಐದು ರೂಪಾಯಿ ನಾಣ್ಯ, ಹಿತ್ತಾಳೆ ಚೂರು, ಮೊಳೆ, ಸೋಡಾ ಬಾಟಲಿಯ ಮುಚ್ಚಳಗಳನ್ನು 5, 10, 15 ಸೆಂಟಿಮೀಟರ್ ಆಳದಲ್ಲಿ ಹೂತು, ಕಡ್ಡಿ ನೆಟ್ಟು ಗುರುತು ಮಾಡಿ. ಒಳ್ಳೆಯ ಮಣ್ಣಿನಲ್ಲೂ ನಾಣ್ಯ ಸಿಗುವುದು ಹೆಚ್ಚೆಂದರೆ ಒಂದು ಗೇಣು ಆಳಕ್ಕೆ. ‘ಹತ್ತಡಿ ಆಳದ ಚಿನ್ನ ತೋರಿಸುವ ಯಂತ್ರ’ ಎಂದು ಮಾರಲು ಬರುವವರನ್ನು ಬಾಗಿಲಲ್ಲೇ ಸಾಗಹಾಕಿ.

ಕಾಯಿಲ್ ನೆಲಕ್ಕೆ ಎರಡು ಮೂರು ಸೆಂಟಿಮೀಟರ್ ಮೇಲೆ, ಸಮವಾಗಿ ಸಾಗಬೇಕು. ಮಕ್ಕಳು ಜೋಕಾಲಿಯಂತೆ ಎರಡೂ ತುದಿಯಲ್ಲಿ ಎತ್ತುತ್ತಾರೆ, ಅಲ್ಲೇ ವಸ್ತು ತಪ್ಪಿಹೋಗುವುದು. ಪ್ರತಿ ಬೀಸು ಹಿಂದಿನ ಬೀಸನ್ನು ಅರ್ಧದಷ್ಟು ಮುಚ್ಚಲಿ. ಸದ್ದು ಬಂದರೆ ಅಡ್ಡಕ್ಕೂ ಉದ್ದಕ್ಕೂ ಬೀಸಿ ನೋಡಿ. ಎರಡೂ ಕಡೆಯಿಂದ ಒಂದೇ ತೆರನಾಗಿದ್ದರೆ ಅಗೆಯಬಹುದು. ಒಂದೇ ಕಡೆಯಿಂದ ಹರಕುಮುರುಕಾಗಿ ಕೇಳಿಸಿದರೆ ತುಕ್ಕು ಹಿಡಿದ ಮೊಳೆ ಅಥವಾ ಬೇಲಿ ತಂತಿ. ಅರ್ಧ ಅಡಿ ಮೇಲೆತ್ತಿದರೂ ಜೋರಾಗಿ ಕೂಗುತ್ತಿದ್ದರೆ ಡಬ್ಬವೋ ತಗಡೋ ಇರಬೇಕು. ಹಳೆಯ ಲೈನ್ ಮನೆಗಳ ಸುತ್ತ ಇಂಥದ್ದೇ ತುಂಬಿರುತ್ತದೆ.

ಅಗೆಯುವಾಗ ಕೈಗುದ್ದಲಿಯಿಂದ ಮೂರು ಬದಿ ಸೀಳಿ ಹೆಂಟೆಯನ್ನು ಮಡಚಿ, ಸಡಿಲ ಮಣ್ಣನ್ನು ಗೋಣಿಯ ಮೇಲೆ ಹಾಕಿ. ಮುಗಿದ ಮೇಲೆ ಹಾಗೇ ಮುಚ್ಚಿ. ಕಾಫಿಯ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದಡಿಯಲ್ಲೇ ಹರಡಿರುತ್ತವೆ, ಗಿಡದ ಬುಡಕ್ಕೆ ಕೈಹಾಕಬೇಡಿ.

ಪ್ರಶ್ನೆ: ಮೆಣಸಿನ ಬಳ್ಳಿಗೆ ಗುಂಡಿ ತೆಗೆಯುವಾಗ ಹಸಿರುಗಟ್ಟಿದ ನಾಣ್ಯಗಳು ಸಿಕ್ಕಿವೆ. ತೊಳೆದು ಇಟ್ಟುಕೊಳ್ಳಬಹುದೆ? — ಮೂಡಿಗೆರೆಯ ಓದುಗರು

ತೊಳೆಯಬೇಡಿ. ದೇವರ ಸಾಮಾನಿಗೆ ಹಚ್ಚುವ ಹುಣಸೆಹಣ್ಣಿನ ಹುಳಿ ತಾಮ್ರದ ಹಸಿರು ಪದರವನ್ನು ಕರಗಿಸುತ್ತದೆ, ಅಕ್ಷರ ಉಳಿದಿರುವುದು ಎಷ್ಟೋ ಸಲ ಆ ಪದರದಲ್ಲೇ. ಇಟ್ಟಿಗೆ ಪುಡಿ ಗೀರಿಹಾಕುತ್ತದೆ. ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ತೇವ ಹಿಡಿದಿಡುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸೇ ಇರಬಹುದು, ಆದರೂ 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ನೆಲದಲ್ಲಿ ಸಿಕ್ಕ ನಿಧಿಗೆ ರಾಜ್ಯದಲ್ಲಿ 1962ರ ಕಾಯ್ದೆಯಿದೆ. ಜಮೀನು ನಿಮ್ಮದೇ ಆದರೂ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಗುಂಡಿಯನ್ನು ಇನ್ನಷ್ಟು ಅಗೆಯದೆ, ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಯಾವ ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಇತಿಹಾಸಕಾರರಿಗೆ ನಾಣ್ಯದಷ್ಟೇ ಮುಖ್ಯ.

ಪ್ರಶ್ನೆ: ಯಂತ್ರ, ಅಗೆತ ಎರಡೂ ಇಲ್ಲದೆ ಮಕ್ಕಳಿಗೆ ಹಳೆಯದನ್ನು ಹುಡುಕುವ ಖುಷಿ ಸಿಗುವುದಿಲ್ಲವೆ? — ಬೇಲೂರಿನ ಓದುಗರು

ಹಾಸನ, ಚಿಕ್ಕಮಗಳೂರು ಜಿಲ್ಲೆಯವರು ಈ ಪ್ರಶ್ನೆ ಕೇಳಬಾರದು! ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಮುದ್ರಣದಲ್ಲಿ 5ನೇ ಸಂಪುಟ ಹಾಸನ ಜಿಲ್ಲೆಯದು, 6ನೆಯದು ಆಗಿನ ಕಡೂರು ಜಿಲ್ಲೆ, ಎಂದರೆ ಈಗಿನ ಚಿಕ್ಕಮಗಳೂರಿನದು. ತಾಲ್ಲೂಕುವಾರು, ಊರಿನ ಹೆಸರು ಸಮೇತ ಶಾಸನಗಳಿವೆ. ನಿಮ್ಮೂರಿನ ಶಾಸನ ಆರಿಸಿಕೊಂಡು ಅದು ಈಗ ಎಲ್ಲಿದೆ ಎಂದು ಹುಡುಕಿ. ಕೆರೆ ಏರಿಯ ಮೇಲೋ, ದನದ ಕೊಟ್ಟಿಗೆಯ ಪಕ್ಕವೋ, ಬಟ್ಟೆ ಒಗೆಯುವ ಕಲ್ಲಾಗಿಯೋ ಇರಬಹುದು.

ವೀರಗಲ್ಲು ಸಿಕ್ಕರೆ ಕೆಳಗಿನಿಂದ ಮೇಲಕ್ಕೆ ಓದಿಸಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ವೀರ. ಸತಿ ಹೋದವಳ ನೆನಪಿಗೆ ನೆಟ್ಟ ಮಾಸ್ತಿಕಲ್ಲಿಗೆ ಬಳೆ ತೊಟ್ಟು ಮೇಲೆತ್ತಿದ ತೋಳೇ ಗುರುತು. ಸವೆದ ಅಕ್ಷರ ನಡುಮಧ್ಯಾಹ್ನ ಕಾಣುವುದಿಲ್ಲ, ಎಳೆಬಿಸಿಲಿನಲ್ಲಿ ಇಲ್ಲವೆ ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಎದ್ದು ಬರುತ್ತವೆ. ಸೀಮೆಸುಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಪಾಚಿ ಕೆರೆಯಬೇಡಿ. ಶಕವರ್ಷ ಓದಲು ಬಂದರೆ ಅದಕ್ಕೆ 78 ಸೇರಿಸಲು ಚಿಕ್ಕವರಿಗೆ ಹೇಳಿ: ನಿಮ್ಮೂರ ಚೆನ್ನಕೇಶವನ ಪ್ರತಿಷ್ಠೆಯ ಶಕ 1039 ಎಂದರೆ ಕ್ರಿ.ಶ. 1117.