ನಲ್ಲಿ ನೀರಿನ ಘಾಟು, ಮನೆಯ ಸಂಪು

ಓದುಗರ ಪತ್ರ: ನಮ್ಮ ಬೀದಿಗೆ ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುತ್ತದೆ. ಕೆಲವು ಸಲ ಬ್ಲೀಚಿಂಗ್ ಪುಡಿಯ ಘಾಟು. ಇದನ್ನು ಮಕ್ಕಳಿಗೆ ಕೊಡಬಹುದೇ? ಇಷ್ಟು ದೊಡ್ಡ ಊರಿನ ನೀರನ್ನು ಎಲ್ಲಿ ಕೂಡಿಡುತ್ತಾರೆ? ನಮಗೆ ಬರುವುದು ಹಳೇ ನೀರೇ? (ಬೆಂಗಳೂರಿನ ಓದುಗರೊಬ್ಬರು)

ಸಂಪಾದಕರ ಉತ್ತರ: ಮಕ್ಕಳಿಗೆ ಕೊಡಿ, ಹೆದರಬೇಡಿ. ಆ ಘಾಟು ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ನಿನದು, ಸ್ವಲ್ಪ ಹೊತ್ತು ಪಾತ್ರೆಯಲ್ಲಿಟ್ಟರೆ ಹಾರಿಹೋಗುತ್ತದೆ. ನನಗೆ ಭಯವಿರುವುದು ಕ್ಲೋರಿನ್ ಏನೇನೂ ಉಳಿಯದ ನೀರಿನ ಬಗ್ಗೆ.

ಬೆಂಗಳೂರಿನ ಕಾವೇರಿ ನೀರು ಶುದ್ಧವಾಗುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ನದಿಯ ನೀರಿಗೆ ಮೊದಲು ಗಾಳಿಯಾಡಿಸಿ, ಕೆಸರನ್ನು ತಳಕ್ಕಿಳಿಸುವ ಆಲಂನಂಥ (ಪಟಿಕದಂಥ) ರಾಸಾಯನಿಕ ಬೆರೆಸುತ್ತಾರೆ. ಇಂಥ ಘಟಕಗಳ ಪ್ರಯೋಗಾಲಯದಲ್ಲಿ ಸಾಲಾಗಿ ಗಾಜಿನ ಜಾಡಿಗಳಿರುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಆಲಂ ಹಾಕಿ ಕಲಕಿ ಬಿಡುತ್ತಾರೆ. ಬಗ್ಗಡ ನೀರಿನಲ್ಲಿ ಹತ್ತಿಯ ಎಳೆಯಂಥ ಕಣಗಳು ಕೂಡಿಕೊಂಡು ತಳ ಸೇರುತ್ತವೆ, ಯಾವ ಜಾಡಿ ಚೆನ್ನಾಗಿ ತಿಳಿಯಾಯಿತೋ ಅದೇ ಆ ದಿನದ ಅಳತೆ. ಮಳೆಗಾಲದ ಕೆಂಪು ನೀರಿಗೂ ಬೇಸಿಗೆಯ ನೀರಿಗೂ ಒಂದೇ ಅಳತೆ ನಡೆಯುವುದಿಲ್ಲ. ಕೆಸರು ತಳಕ್ಕಿಳಿದ ಮೇಲೆ ಮರಳಿನ ಪದರದಲ್ಲಿ ಸೋಸಿ, ಕ್ಲೋರಿನ್ ಹಾಕುತ್ತಾರೆ.

ಅಲ್ಲಿನ ಪಂಪುಗಳು, ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಯ ಪಂಪುಗಳು ಆ ನೀರನ್ನು ಸುಮಾರು 100 ಕಿ.ಮೀ. ದೂರ ತಳ್ಳುತ್ತವೆ, ಒಟ್ಟು 500 ಮೀಟರಿನಷ್ಟು ಎತ್ತರಕ್ಕೆ ಎತ್ತುತ್ತವೆ. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್.

ತಿಂಗಳುಗಟ್ಟಲೆ ನೀರು ನಿಲ್ಲುವುದು ಕೃಷ್ಣರಾಜಸಾಗರದಂಥ ಅಣೆಕಟ್ಟಿನಲ್ಲಿ, ಅದೂ ಶುದ್ಧಮಾಡುವ ಮೊದಲು. ಊರೊಳಗಿನ ಜಲಾಗಾರಗಳಲ್ಲಿ ನೀರು ನಿಲ್ಲಲು ಪುರಸೊತ್ತಿಲ್ಲ. ಬಂದ ನೀರು ಬಡಾವಣೆಗಳಿಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ನಿಮ್ಮ 'ಹಳೇ ನೀರು' ಏನಾದರೂ ಇದ್ದರೆ ಅದು ನಿಮ್ಮ ಸಂಪಿನಲ್ಲೇ!

ಕೆಡುವ ಜಾಗ ಕೊನೆಯ ಒಂದೆರಡು ಕಿಲೋಮೀಟರ್. ದಿನವಿಡೀ ನೀರು ಹರಿಯುವ ಪೈಪಿನಲ್ಲಿ ಒತ್ತಡವಿರುತ್ತದೆ, ಬಿರುಕಿದ್ದರೆ ನೀರು ಹೊರಗೆ ಸೋರೀತೇ ಹೊರತು ಹೊರಗಿನದು ಒಳಗೆ ಬರದು. ಎರಡು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ ಪೈಪು ಖಾಲಿ ಬಿದ್ದಿರುತ್ತದೆ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಆ ಕೊಳಕು ಪೈಪಿನೊಳಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ, ನಲ್ಲಿಗೇ ಮೋಟರ್ ಹಾಕಿ ಎಳೆಯುವವರಿಂದ ಇಡೀ ಬೀದಿಗೆ ಅಪಾಯ, ಆ ಸೆಳೆತಕ್ಕೆ ಹೊರಗಿನ ಕೊಳಕೂ ಪೈಪಿನೊಳಕ್ಕೆ ಬರುತ್ತದೆ. ಇದನ್ನು ದಯವಿಟ್ಟು ಯಾರೂ ಮಾಡಬಾರದು. ನಲ್ಲಿ ತಲುಪುವವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುವುದು ಇಂಥ ಸೋರಿಕೆಗೆ ಕಾವಲಿರಲಿ ಎಂದೇ. ಪರೀಕ್ಷೆಯ ಕಿಟ್ ಅಂಗಡಿಯಲ್ಲಿ ಸಿಗುತ್ತದೆ: ಪುಟ್ಟ ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ಅದರ ದ್ರಾವಣ ಬಿಡಿ, ಬಣ್ಣ ತಿರುಗಿದರೆ ಕ್ಲೋರಿನ್ ಇದೆ. ಆಮೇಲೆ ಸಂಪಿನ ನೀರನ್ನೂ ನೋಡಿ. ತಳದಲ್ಲಿ ಕೆಸರು ಕೂತ ಸಂಪು ಕ್ಲೋರಿನ್ನನ್ನೆಲ್ಲ ತಿಂದುಹಾಕಿರುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಅದನ್ನು ತೊಳೆಸಿ, ಮುಚ್ಚಳ ಭದ್ರ ಮಾಡಿಸಿ.

ಕಾವೇರಿ ನೀರಿಗೆ ಆರ್‌ಒ ಯಂತ್ರ ಬೇಕಿಲ್ಲ. ಅದರಲ್ಲಿ ಲವಣ ಕಡಿಮೆ. ಬೋರ್ ನೀರಿನ ಮಾತು ಬೇರೆ. ನೀರು ಬಿಟ್ಟಾಗ ಮೊದಲು ಬರುವ ಬಗ್ಗಡವನ್ನು ಸಂಪಿಗೆ ಬಿಡದೆ ಗಿಡಕ್ಕೆ ಹರಿಸಿ. ಚರಂಡಿ ವಾಸನೆ ಬಂದರೆ ಮಾತ್ರ ಸಂಪಿನ ವಾಲ್ವ್ ತಕ್ಷಣ ಮುಚ್ಚಿ, ಜಲಮಂಡಳಿಗೆ ದೂರು ಕೊಡಿ, ಅಕ್ಕಪಕ್ಕದ ಮನೆಯವರಿಗೂ ಹೇಳಿ. ಆ ನೀರನ್ನು ಕುದಿಸಿಯೂ ಕುಡಿಯಬೇಡಿ.