ಎಚ್‌ಟಿ-2 ಲೇಖನದ ಬಗ್ಗೆ: ಬರಹಗಾರರಿಗೆ ಸಂಪಾದಕರ ಉತ್ತರ

ನಮಸ್ಕಾರ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ತಯಾರಿಸಿದ ಎಚ್‌ಟಿ-2 ತರಬೇತಿ ವಿಮಾನದ ಚರಿತ್ರೆ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಬಿಟ್ಟುಬಿಡುವ ವಿಷಯವೂ ಅಲ್ಲ, ದಯವಿಟ್ಟು ಮತ್ತೆ ಬರೆಯಿರಿ.

ಮೊದಲಿಗೆ ತಪ್ಪುಗಳು. ‘ಎಚ್‌ಎಎಲ್‌ನಿಂದ ಹಾರಿದ ಮೊದಲ ವಿಮಾನ’ ಎಂದು ಶುರುಮಾಡಿದ್ದೀರಿ. ಎಚ್‌ಟಿ-2 ಹಾರುವುದಕ್ಕೂ ಹತ್ತು ವರ್ಷ ಮೊದಲೇ, 1941ರಲ್ಲಿ, ಬೆಂಗಳೂರಿನಲ್ಲಿ ಜೋಡಿಸಿದ ಹಾರ್ಲೊ ಪಿಸಿ-5 ಹಾರಿತ್ತು. ಅದು ಅಮೆರಿಕದ ವಿನ್ಯಾಸ. ಎಚ್‌ಟಿ-2ರ ಹೆಚ್ಚುಗಾರಿಕೆ ಬೇರೆ: ವಿ. ಎಂ. ಘಾಟಗೆ ಅವರ ತಂಡ ಅದನ್ನು ಇಲ್ಲಿಯೇ ವಿನ್ಯಾಸ ಮಾಡಿತು, ಇಲ್ಲಿಯೇ ಸಾಲಾಗಿ ತಯಾರಾಯಿತು. ಇನ್ನು, ‘145 ಅಶ್ವಶಕ್ತಿಯ ಸಿರಸ್ ಮೇಜರ್’ ಎಂದು ಎರಡು ಎಂಜಿನ್‌ಗಳನ್ನು ಬೆರೆಸಿದ್ದೀರಿ. 1951ರ ಆಗಸ್ಟ್‌ನಲ್ಲಿ ಹಾರಿದ ಮೊದಲ ಮಾದರಿಯಲ್ಲಿದ್ದದ್ದು 145 ಅಶ್ವಶಕ್ತಿಯ ಜಿಪ್ಸಿ ಮೇಜರ್. 1952ರ ಎರಡನೆಯ ಮಾದರಿಗೂ ಆಮೇಲಿನ ತಯಾರಿಕೆಗೂ ಬಂದದ್ದು 155 ಅಶ್ವಶಕ್ತಿಯ ಸಿರಸ್ ಮೇಜರ್.

‘ಬೆಳಿಗ್ಗೆ ಮೆಕ್ಯಾನಿಕ್ ಪೂಜೆಯ ಭಕ್ತಿಯಿಂದ ಪ್ರೊಪೆಲರನ್ನು ಕೈಯಲ್ಲಿ ತಿರುಗಿಸುತ್ತಿದ್ದ’ ಎಂಬ ಸಾಲು ನಿಮ್ಮ ಲೇಖನದ ಅತ್ಯುತ್ತಮ ಸಾಲಾಗಬಹುದಿತ್ತು. ಕಾರಣ ಕೊಡದೆ ಕೆಡಿಸಿದ್ದೀರಿ. ಈ ಎರಡೂ ಎಂಜಿನ್‌ಗಳು ತಲೆಕೆಳಗಾದವು: ಪ್ರೊಪೆಲರನ್ನು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಮೇಲೆ, ನಾಲ್ಕು ಸಿಲಿಂಡರ್ ಸಾಲಾಗಿ ಕೆಳಗೆ. ಮೂತಿಯ ಮೇಲ್ಭಾಗ ತಗ್ಗಿ ಪೈಲಟ್‌ಗೆ ಮುಂದಿನ ನೋಟ ಸಿಗಲಿ ಎಂದು ಈ ಜೋಡಣೆ. ಆದರೆ ಎಂಜಿನ್ ನಿಂತಿರುವಾಗ ಎಣ್ಣೆ ಪಿಸ್ಟನ್ ರಿಂಗ್‌ಗಳನ್ನು ದಾಟಿ ಜಿನುಗಿ ಸಿಲಿಂಡರ್ ತಲೆಯಲ್ಲಿ ನಿಲ್ಲುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗದು. ಹಾಗೆಯೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಕಿಡಿ ಹೊತ್ತಿಸುವ ಮ್ಯಾಗ್ನೆಟೊದ ಸ್ವಿಚ್ ಆಫ್ ಇದೆಯೆಂದು ಖಚಿತಪಡಿಸಿಕೊಂಡು, ಪ್ರತಿ ಸಿಲಿಂಡರೂ ಒಮ್ಮೆ ಒತ್ತಡಕ್ಕೆ ಬರುವಷ್ಟು, ಅಂದರೆ ಪೂರ್ತಿ ಎರಡು ಸುತ್ತು, ಕೈಯಲ್ಲಿ ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಇಳಿಸಬೇಕು. ಇದನ್ನು ಬರೆಯಿರಿ, ‘ಭಕ್ತಿ’ ಎಂಬ ಮಾತೇ ಬೇಕಾಗುವುದಿಲ್ಲ.

‘ಇಳಿಸುವುದು ಕಷ್ಟವಾಗಿತ್ತು’ ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಏಕೆ ಕಷ್ಟ? ಎಚ್‌ಟಿ-2 ಬಾಲಚಕ್ರದ ವಿಮಾನ, ಮೂರನೆಯ ಚಕ್ರ ಬಾಲದ ಕೆಳಗೆ. ಮುಖ್ಯ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ ಮುಂದಿವೆ. ನೆಲಕ್ಕಿಳಿದ ಮೇಲೆ ಮೂತಿ ಸ್ವಲ್ಪ ಓರೆಯಾದರೂ ಹಿಂದಿನ ಭಾರ ಆ ಓರೆಯನ್ನು ಇನ್ನಷ್ಟು ತಳ್ಳುತ್ತದೆ. ವೇಗ ತಗ್ಗಿದಂತೆ, ಪೈಲಟ್ ಕಾಲಿನಿಂದ ನಡೆಸುವ ಬಾಲದ ಚುಕ್ಕಾಣಿ ರಡ್ಡರ್‌ನ ಹಿಡಿತವೂ ತಗ್ಗುತ್ತದೆ. ಕಲಿಯುವವನ ಕಾಲು ತಡವಾದರೆ ವಿಮಾನ ಗಿರ್ರನೆ ಸುತ್ತುತ್ತದೆ, ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ. ಜೊತೆಗೆ ಆಸನಗಳು ಒಂದರ ಹಿಂದೊಂದು, ಬೋಧಕನಿಗೆ ಶಿಷ್ಯನ ಕೈಕಾಲು ಕಾಣುವುದಿಲ್ಲ. 1977ರಲ್ಲಿ ಮೊದಲು ಹಾರಿದ, ಎಚ್‌ಎಎಲ್‌ನ ಆಮೇಲಿನ ತರಬೇತಿ ವಿಮಾನ ಎಚ್‌ಪಿಟಿ-32 ದೀಪಕ್‌ನಲ್ಲಿ ಆಸನಗಳು ಪಕ್ಕಪಕ್ಕ, ಮೂರನೆಯ ಚಕ್ರ ಮೂತಿಯ ಕೆಳಗೆ, ಎಂಜಿನ್ 260 ಅಶ್ವಶಕ್ತಿಯ ಲೈಕಮಿಂಗ್. ನಿಮ್ಮ ಲೇಖನದ ಬೆನ್ನೆಲುಬು ಈ ಬದಲಾವಣೆಯೇ ಆಗಬೇಕು. ಒಂದು ಸುಲಭವಾದರೆ ಇನ್ನೊಂದು ಕೆಡುವುದುಂಟು: ದೀಪಕ್‌ನ ಎಂಜಿನ್ ಹಾರಾಟದಲ್ಲೇ ನಿಂತ ಪ್ರಕರಣಗಳು ಮರುಕಳಿಸಿ, 2009ರ ಅಪಘಾತದ ನಂತರ ವಾಯುಪಡೆ ಅದನ್ನು ನೆಲಕ್ಕಿಳಿಸಿತು. ದೀಪಕ್‌ನ ಅಪಘಾತಗಳಲ್ಲಿ ಪೈಲಟ್‌ಗಳು ಪ್ರಾಣ ಕಳೆದುಕೊಂಡಿದ್ದಾರೆ. ‘ಕೆಲವು ತೊಂದರೆಗಳಿದ್ದವು’ ಎಂದು ಸವರಿ ಹೋಗಬೇಡಿ.

ಘಾನಾ ವಾಯುಪಡೆಗೆ ಹನ್ನೆರಡು ಎಚ್‌ಟಿ-2 ಹೋದ ಭಾಗ ಚೆನ್ನಾಗಿದೆ, ಹಾಗೇ ಇರಲಿ. ಗಣ್ಯರ ಹೆಸರುಗಳ ಪಟ್ಟಿಯನ್ನು ಪೂರ್ತಿ ತೆಗೆಯಿರಿ.

ಕೊನೆಗೆ, ಲೇಖನದ ಜೊತೆ ಕಳಿಸಿದ ಚಿತ್ರ ನೋಡಿ. ಮೂತಿಯ ಕೆಳಗೆ ಚಕ್ರವಿದೆ, ಆಸನಗಳು ಪಕ್ಕಪಕ್ಕ ಇವೆ. ಅದು ಎಚ್‌ಟಿ-2 ಅಲ್ಲ, ದೀಪಕ್. ಬೇರೆ ಚಿತ್ರ ಹುಡುಕಿ ಕಳಿಸಿ.